ಕೋಟಿಂಗ್ ಕಾರೂ ಕೊಬ್ಬರಿ ಅಟ್ಟವೂ

ನಮ್ಮ ಮನೆಯವರಿಗೆ ಕಾರಿನ ಬಣ್ಣದ ಮೇಲಿರುವ ಅಕ್ಕರೆಯಲ್ಲಿ ಕಾಲುಪಾಲು ನನ್ನ ಮೇಲೆ ಇದ್ದಿದ್ದರೂ ಇಷ್ಟು ಹೊತ್ತಿಗೆ ನಾನು ಫಳಫಳ ಹೊಳೆಯುತ್ತಿದ್ದೆ. ಈ ಮಾತನ್ನು ಅವರ ಎದುರಿಗೇ ಹೇಳಿದ್ದೇನೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. “ಬಿಸ್ಲಲ್ಲಿ ನಿಂತ್ರೆ ನಿನ್ ಬಣ್ಣ ಹೋಗಲ್ಲ ಕಣೇ, ಅದುರ್ದು ಹೋಗ್ತದೆ” ಎಂದರು. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಇದನ್ನು ಹೊಗಳಿಕೆ ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಾರು ಕಡುನೀಲಿ. ಹೊನ್ನವಳ್ಳಿಯಿಂದ ನಮ್ಮ ತೋಟದ ಮನೆಗೆ ಬರುವ ದಾರಿ ಕೆಂಪು ಧೂಳಿನದು, ಬಿಳಿ ಬಣ್ಣದ್ದೇ ತೆಗೆದುಕೊಳ್ಳೋಣ ಎಂದು ನಾನು ಬಡಕೊಂಡೆ. ಬಿಳಿ ಕಾರು ಬಾಡಿಗೆ ಗಾಡಿ ಇದ್ದ ಹಾಗೆ ಕಾಣುತ್ತದಂತೆ. ಸರಿ, ನೀಲಿ ಬಂತು. ಬಂದ ದಿನದಿಂದ ಅದರ ಮೇಲೆ ಕೂತ ಒಂದೊಂದು ಧೂಳಿನ ಕಣವೂ ನಮ್ಮ ಮನೆಯ ವಿಚಾರವಾಯಿತು.

ಇನ್ನು ನನ್ನ ವಿಚಾರ. ಐವತ್ತು ದಾಟಿದ ಮೇಲೆ, ದಿನಾ ಬಸ್ಸಿನಲ್ಲಿ ತಿಪಟೂರಿಗೆ ಹೋಗಿ, ಡ್ರೈವಿಂಗ್ ಸ್ಕೂಲಿನ ನೆಗ್ಗಿದ ಗಾಡಿಯಲ್ಲಿ ಕಲಿತು, ಲೈಸೆನ್ಸ್ ತೆಗೆದುಕೊಂಡವಳು ನಾನು. ಲೈಸೆನ್ಸ್ ಬಂದ ದಿನ ಮನೆಯವರು ಮೈಸೂರುಪಾಕು ತಂದರು. ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದರು. ಕಾರಿನ ಕೀ ಮಾತ್ರ ಅವರ ಅಂಗಿಯ ಜೇಬಿನಿಂದ ಅಲುಗಲಿಲ್ಲ. ಮೊದಲು, ಗಾಡಿ ಹೊಸದು, ಸ್ವಲ್ಪ ಪಳಗಲಿ ಅಂದರು. ಆಮೇಲೆ, ರಸ್ತೆ ಕೆಲಸ ನಡೆಯುತ್ತಿದೆ, ಜಲ್ಲಿ ಸಿಡಿದು ಪೇಂಟು ಏಳುತ್ತದೆ ಅಂದರು. ಕೊನೆಗೆ ಹೊಸದೊಂದು ಮಾತು ಕಲಿತುಬಂದರು, ಸೆರಾಮಿಕ್ ಕೋಟಿಂಗ್. ಬಣ್ಣ ಕಾಯುವುದಕ್ಕೆ ಮೇಲೆ ಗಾಜಿನಂಥ ಪದರ ಬಳಿಯುವುದಂತೆ. ಅದೊಂದು ಆಗಲಿ, ಆಮೇಲೆ ನೀನೇ ಓಡಿಸುವೆಯಂತೆ ಎಂದು ಮಾತು ಕೊಟ್ಟರು.

ನನಗೆ ಊರೂರು ಸುತ್ತುವ ಹುಚ್ಚಿರಲಿಲ್ಲ. ದಂಡಿನಶಿವರದಲ್ಲಿ ನಮ್ಮಕ್ಕ ಇದ್ದಾಳೆ. ಅವಳಿಗೆ ಮಂಡಿ ನೋವು, ಬಸ್ಸಿನ ಮೆಟ್ಟಿಲು ಹತ್ತುವುದಕ್ಕಾಗುವುದಿಲ್ಲ. ಯಾರದಾದರೂ ಕಾರಿನಲ್ಲಿ ಹೋಗಬೇಕಾಗಿ ಬಂದರೆ ಹಿಂದಿನ ಸೀಟಿನಲ್ಲಿ, ಮಕ್ಕಳು, ಬುಟ್ಟಿ, ಹೂವಿನ ಕವರುಗಳ ನಡುವೆ ತುರುಕಿಕೊಂಡು ಹೋಗಿದ್ದಾಳೆಯೇ ಹೊರತು ಮುಂದಿನ ಸೀಟಿನಲ್ಲಿ ಅವಳು ಈವರೆಗೆ ಕೂತಿಲ್ಲ. ಮುಂದಿನ ಸೀಟು ಗಂಡಸರದು, ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನನಗೆ ಲೈಸೆನ್ಸ್ ಸಿಕ್ಕಿತು ಎಂದು ಫೋನಿನಲ್ಲಿ ಹೇಳಿದಾಗ ಅವಳು, “ಹಂಗಾರೆ ನೀನು ಓಡ್ಸು, ನಾನು ಮುಂದೆ ಕೂತ್ಕೋತೀನಿ. ತುರುವೇಕೆರೆಗೆ ಹೋಗಿ ದೋಸೆ ತಿಂದ್ಕೊಂಡು ಬರಾಣ” ಎಂದಳು. ಆಗಲಿ ಎಂದೆ. ನನಗೆ ಬೇಕಾಗಿದ್ದದ್ದು ಅದೊಂದೇ. ಅವಳು ವಾರಕ್ಕೊಮ್ಮೆ ಫೋನು ಮಾಡಿ, ದೋಸೆ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು.

ತಿಪಟೂರಿನಲ್ಲಿ ಕೋಟಿಂಗ್ ಮಾಡುವವನು ಮೆಕ್ಯಾನಿಕ್‌ಗಳ ಮನೆತನದ ಒಬ್ಬ ಭಾಯಿ. ಅಪ್ಪನ ಕಾಲದ ಗ್ಯಾರೇಜಿಗೆ ಬಿಳಿ ಟೈಲ್ಸ್ ಹಾಕಿಸಿ, ತುಂಬಾ ಟ್ಯೂಬ್‌ಲೈಟು ಕಟ್ಟಿಸಿ, ಆಪರೇಷನ್ ಥಿಯೇಟರಿನ ಹಾಗೆ ಮಾಡಿಕೊಂಡಿದ್ದ. ಮಾತುಗಾರ. ನಮ್ಮ ಕಾರಿನ ಸುತ್ತ ಒಂದು ಸುತ್ತು ಬಂದು, ಕೈಯಲ್ಲಿದ್ದ ದೀಪವನ್ನು ಬಾನೆಟ್ಟಿನ ಹತ್ತಿರ ಹಿಡಿದ. ನೀಲಿ ಬಣ್ಣದ ತುಂಬ ಜೇಡರ ಬಲೆಯಂಥ ಸಣ್ಣ ಸಣ್ಣ ಗೀರು.

“ಯಾರು ಅಣ್ಣಾ ಇದನ್ನ ತೊಳೆಯೋದು?” ಎಂದ.

ಮನೆಯವರು ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ. ನಮ್ಮ ಕಡೆ ಉಜ್ಜುವುದಕ್ಕೆಲ್ಲ ಒಂದೇ ಸಾಮಾನು, ತೆಂಗಿನ ನಾರು. ಪಾತ್ರೆಗೂ ಅದೇ, ಎಮ್ಮೆಯ ಮೈಗೂ ಅದೇ, ಮನುಷ್ಯರ ಬೆನ್ನಿಗೂ ಅದೇ. ಪ್ರತಿ ಭಾನುವಾರ ಮೋಟಾರು ಹಾಕಿಕೊಂಡು, ಎಮ್ಮೆಯ ಪಕ್ಕದಲ್ಲೇ ಕಾರು ನಿಲ್ಲಿಸಿ, ಮೆತ್ತಗಿರಲಿ ಎಂದು ನಾರನ್ನು ನೆನೆಸಿ, ಎರಡಕ್ಕೂ ಸಮನಾಗಿ ಉಜ್ಜುತ್ತಿದ್ದವರು ಇವರೇ.

“ನಾರಲ್ಲಿ” ಎಂದೆ ನಾನು, ಯಾರು ಎಂದು ಹೇಳದೆ.

“ಇದು ಗಾಡಿ ತೊಳೆದಿದ್ದಲ್ಲ ಮೇಡಮ್ಮು, ಪಾತ್ರೆ ಬೆಳಗಿದ್ದು” ಎಂದ ಭಾಯಿ. ಆ ದಿನ ನನಗೆ ಅವನ ಮೇಲೆ ಬಹಳ ಗೌರವ ಬಂತು.

ಗಾಡಿಯನ್ನು ಅವನು ಇಟ್ಟುಕೊಂಡು, ತೊಳೆದು, ಜೇಡಿಮಣ್ಣಿನ ಮುದ್ದೆಯಂಥದ್ದರಲ್ಲಿ ಸವರಿ ಅಂಟಿದ್ದ ಕೊಳೆ ತೆಗೆದು, ಮೆಷಿನ್ನಿನಲ್ಲಿ ಪಾಲಿಶ್ ಹೊಡೆದು ಗೀರು ಅಳಿಸಿ, ಕೊನೆಗೆ ಪುಟ್ಟ ಸೀಸೆಯಿಂದ ಹನಿಹನಿಯಾಗಿ ಔಷಧಿ ಬಿಟ್ಟುಕೊಂಡು ಇಡೀ ಮೈಗೆ ಬಳಿದ. ವಾಪಸ್ಸು ತರಲು ಹೋದಾಗ ಕಾರಿನ ಮೈಯಲ್ಲಿ ನಮ್ಮ ಮುಖ ಕಾಣುತ್ತಿತ್ತು, ಮನೆಯವರು ಅದರಲ್ಲಿ ತಲೆ ಬಾಚಿಕೊಂಡರು. ಭಾಯಿ ಕಟ್ಟುನಿಟ್ಟು ಹೇಳಿದ. ಮೇಲಿನ ಪದರ ಗಟ್ಟಿಯಾಗಲು ಒಂದು ವಾರ ಬೇಕು. ಅಲ್ಲಿಯವರೆಗೆ ನೀರು ತಾಗಬಾರದು, ಬಟ್ಟೆ ಹೊದಿಸಬಾರದು, ಕೈ ಇಡಬಾರದು. ಮುಖ್ಯವಾಗಿ ಮರದ ಕೆಳಗೆ ನಿಲ್ಲಿಸಬಾರದು. ಸ್ವಲ್ಪ ದಿನ ವಾಸನೆ ಇರುತ್ತದೆ, ಹೆದರಬೇಡಿ ಅಂದ. ವಾರ ಕಳೆದ ಮೇಲೆ ನೀರು ಹಾಕಿ ನೋಡಿ, ಕೆಸುವಿನ ಎಲೆಯ ಮೇಲೆ ಓಡಿದ ಹಾಗೆ ಓಡುತ್ತದೆ ಎಂದ.

ಮರದ ಕೆಳಗೆ ನಿಲ್ಲಿಸಬಾರದು ಎಂದು ತೆಂಗಿನ ತೋಟದವನಿಗೆ ಹೇಳಿದರೆ ಅವನು ಎಲ್ಲಿಗೆ ಹೋಗಬೇಕು? ನಮ್ಮ ಮನೆಯ ಮುಂದೆ ಮರ, ಹಿಂದೆ ಮರ, ಕೊಟ್ಟಿಗೆಯ ಸೂರಿನ ಮೇಲೂ ಮರದ ಗರಿ. ಮನೆಯವರು ತೋಟವೆಲ್ಲ ತಿರುಗಿ, ಕೊನೆಗೆ ಮುಖ ಅರಳಿಸಿಕೊಂಡು ಬಂದು, ಕೊಬ್ಬರಿ ಮನೆಯ ಬಾಗಿಲು ತೆಗೆದರು. ಗೋಡೆ ಇದೆ, ಸೂರು ಇದೆ, ಬಿಸಿಲಿಲ್ಲ, ಧೂಳಿಲ್ಲ. ಒಳಗಿದ್ದ ಹುಲ್ಲು, ಸ್ಪ್ರೇ ಮಾಡುವ ಡಬ್ಬ, ಹಳೆಯ ಸೈಕಲ್ಲು ಎಲ್ಲ ಹೊರಗೆ ಬಂದವು. ಕಾರು ಒಳಗೆ ಹೋಯಿತು.

ಕೊಬ್ಬರಿ ಮನೆಯೆಂದರೆ ತಲೆಯ ಮೇಲೆ ಸಂದು ಬಿಟ್ಟು ಅಡಿಕೆ ಮರದ ದಬ್ಬೆ ಹಾಸಿದ ಅಟ್ಟ. ಸಿಪ್ಪೆ ಸಮೇತ ಕಾಯಿಗಳನ್ನು ಅಲ್ಲಿ ರಾಶಿ ಹಾಕಿ, ಒಳಗಿನ ನೀರು ತಾನಾಗಿ ಬತ್ತಿ, ಅಲ್ಲಾಡಿಸಿದರೆ ಗಡಗಡ ಎನ್ನುವ ಕೊಬ್ಬರಿ ಗಿಟುಕಾಗುವವರೆಗೆ ಹೆಚ್ಚುಕಡಿಮೆ ವರ್ಷಕಾಲ ಬಿಡುತ್ತೇವೆ. ಅಷ್ಟು ಕಾಯಿಯಲ್ಲಿ ಕೆಲವು ಕೊಳೆಯುತ್ತವೆ. ಆಗಾಗ ಯಾರಾದರೂ ಮೇಲೆ ಹತ್ತಿ, ಮೂಸಿ ನೋಡಿ, ಕೊಳೆತದ್ದನ್ನು ಆರಿಸಿ ಎಸೆಯಬೇಕು. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು. ಕಾಯಿ ಕೊಳೆಯುವ ಯೋಚನೆ ಮಾಡಿದರೂ ನನ್ನ ಮೂಗಿಗೆ ಗೊತ್ತಾಗುತ್ತದೆ ಎಂದು ಅಕ್ಕಪಕ್ಕದ ತೋಟದವರೂ ಒಪ್ಪಿಕೊಂಡಿದ್ದಾರೆ. ಅಂದರೆ ನಮ್ಮ ಯಜಮಾನರು ಮರದ ಮೇಲಿನ ಕಾಯಿಗೆ ಹೆದರಿ, ಅಟ್ಟದ ಮೇಲಿನ ಕಾಯಿಯ ಕೆಳಗೆ ಕಾರು ನಿಲ್ಲಿಸಿದರು. ಅಷ್ಟೇ ಅಲ್ಲ, “ಈ ವಾರ ಅಟ್ಟ ಹತ್ತಬ್ಯಾಡ. ಮ್ಯಾಲಿಂದ ಧೂಳು ಉದುರ್ತದೆ” ಎಂದು ನನಗೂ ಬೇಲಿ ಹಾಕಿದರು.

ಆ ವಾರ ಮನೆಗೆ ಬಂದವರೆಲ್ಲ ಕೊಬ್ಬರಿ ಮನೆಯ ಹೊಸಿಲಿನಾಚೆಯೇ ನಿಂತು ದರ್ಶನ ಮಾಡಿಕೊಂಡು ಹೋಗಬೇಕಾಗಿತ್ತು. ವಾರದ ನಡುವೆ ಒಂದು ಸಂಜೆ ಬಾಗಿಲ ಹತ್ತಿರ ಹೋದವಳು ಅಲ್ಲೇ ನಿಂತೆ.

“ರೀ, ಕಾಯಿ ಕೊಳ್ತೈತೆ. ವಾಸ್ನೆ ಬತ್ತಾ ಐತೆ” ಎಂದೆ.

“ಅದು ಕೋಟಿಂಗ್ ವಾಸ್ನೆ ಕಣೇ. ಭಾಯಿ ಹೇಳ್ಲಿಲ್ವಾ?”

“ಕೋಟಿಂಗಿನ ವಾಸ್ನೆ ಬ್ಯಾರೆ. ಇದು ನನಗೆ ಗೊತ್ತಿರೋ ವಾಸ್ನೆ. ಹತ್ತಿ ನೋಡಿ ಬತ್ತೀನಿ.”

“ಒಂದ್ ವಾರ ನಿನ್ ಮೂಗಿಗೆ ರಜ ಕೊಡು” ಎಂದರು. ಬಾಗಿಲು ಹಾಕಿ ಚಿಲಕವನ್ನೂ ಹಾಕಿದರು. ಇಂಥ ಮನುಷ್ಯನಿಗೆ ಏನು ಹೇಳುವುದು? ನಾನು ಒಳಗೆ ಹೋಗಿ ಮುದ್ದೆ ಕಟ್ಟಿದೆ.

ವಾರ ಮುಗಿದ ಬೆಳಗ್ಗೆ, ನೀರು ಓಡುವುದನ್ನು ತೋರಿಸುತ್ತೇನೆಂದು ಹೊನ್ನವಳ್ಳಿಯ ಟೀ ಅಂಗಡಿಯ ಗೆಳೆಯರನ್ನೆಲ್ಲ ಕರೆದುಕೊಂಡು ಬಂದರು. ಕೊಬ್ಬರಿ ಮನೆಯೊಳಗೆ ಕತ್ತಲು. ಅವರು ಹೋಗಿ ಕೂತವರೇ ಕಾರನ್ನು ಹಿಂದಕ್ಕೆ ತೆಗೆದು, ಅಂಗಳದ ಬಿಸಿಲಿಗೆ ನಿಲ್ಲಿಸಿ, ತಂಬಿಗೆ ಹಿಡಿದುಕೊಂಡು ಇಳಿದರು. ಎಲ್ಲರೂ ಬಾನೆಟ್ಟನ್ನೇ ನೋಡುತ್ತಿದ್ದರು. ಕನ್ನಡಿಯಂಥ ನೀಲಿಯ ನಟ್ಟನಡುವೆ, ಹಳದಿ ಅಂಚಿನ, ಮಾಸಲು ಬಿಳಿ ಕಲೆ, ಊಟದ ತಟ್ಟೆಯಗಲ. ಅದರ ಸುತ್ತ ಅದರ ಮರಿಗಳು.

ಗೆಳೆಯರೊಬ್ಬರು ಬಗ್ಗಿ ಮೂಸಿ, “ಕೊಳ್ತ ಕಾಯಿ ನೀರು ಕಣಪ್ಪ” ಎಂದರು.

ಮನೆಯವರು ಆದರೂ ತಂಬಿಗೆಯ ನೀರು ಸುರಿದರು. ಪಾಪ, ಭಾಯಿ ಸುಳ್ಳು ಹೇಳಿರಲಿಲ್ಲ. ನೀರು ಮುತ್ತುಮುತ್ತಾಗಿ ಎಲ್ಲ ಕಡೆ ಓಡಿತು, ಕಲೆಯ ಹತ್ತಿರ ಬಂದು ಅಲ್ಲೇ ಕೂತುಕೊಂಡಿತು. ಗೆಳೆಯರು ಟೀ ಕುಡಿದು ಹೋದರು. ನಗುವನ್ನು ಗೇಟು ದಾಟುವವರೆಗೆ ತಡೆದುಕೊಂಡರು, ಅದು ಅವರ ದೊಡ್ಡತನ.

ಭಾಯಿ ವಿಡಿಯೋ ಕಾಲಿನಲ್ಲಿ ಕಲೆಯನ್ನು ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡ. “ಒಣಗೋಕ್ ಮುಂಚೆ ಹುಳಿ ನೀರು ಬಿದ್ದು ಒಳಗೇ ಕೂತ್ಬಿಟ್ಟಿದೆ ಅಣ್ಣಾ. ಒರೆಸಿದ್ರೆ ಬಿಲ್ಕುಲ್ ಹೋಗಲ್ಲ. ಬಾನೆಟ್ ಪೂರ್ತಿ ಕೆರೆದು ತಿರುಗಾ ಹೊಡೀಬೇಕು. ಮುಂದೆ ಗಾಡಿಗಳಿವೆ, ಜಾಗ ಆದಾಗ ಫೋನ್ ಮಾಡ್ತೀನಿ. ಆಮೇಲೆ ಮತ್ತೆ ಒಂದು ವಾರ ಯಾರೂ ಮುಟ್ಟಂಗಿಲ್ಲ.”

ಮತ್ತೆ ಒಂದು ವಾರ ಎಂದರೆ ನನಗೆ ಲೆಕ್ಕ ಗೊತ್ತು. ಮತ್ತೆ ಹೊಳಪು, ಮತ್ತೆ ಚಿಲಕ, ಮತ್ತೆ ಅಕ್ಕನ ಫೋನು. ಇವರೋ ಜಗಲಿಯ ಮೇಲೆ ತಂಬಿಗೆ ಹಿಡಿದುಕೊಂಡೇ ಕೂತಿದ್ದರು. ನನ್ನ ಮೂಗಿನ ವಿಚಾರ ಎತ್ತಿ ಆಡಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಅವರ ಮುಖ ನೋಡಿ ಅಯ್ಯೋ ಅನ್ನಿಸಿತು, ಬಿಟ್ಟೆ. ಸಂಜೆಗೆ ಎತ್ತಿ ಆಡಿದೆ.

ಮಾರನೆಯ ದಿನ ಅವರು ತಿಪಟೂರಿನ ಕೊಬ್ಬರಿ ಮಾರ್ಕೆಟ್ಟಿಗೆ ಹೋಗಬೇಕಿತ್ತು. ಯಾರ್ಡಿನಲ್ಲಿ ಎಲ್ಲ ಗುರುತಿನವರೇ, ಎಲ್ಲರ ಮುಂದೆಯೂ ಕೋಟಿಂಗಿನ ಬಗ್ಗೆ ಕೊಚ್ಚಿಕೊಂಡು ಆಗಿತ್ತು. “ಈ ಕಲೆ ಹೊತ್ಕೊಂಡು ಅಲ್ಲಿಗೆ ಹೆಂಗೆ ಹೋಗ್ಲಿ? ಬಸ್ಸಿಗೇ ಹೋಯ್ತೀನಿ” ಎಂದರು.

“ನಾನು ಓಡಿಸ್ತೀನಿ, ನೀವು ಹಿಂದೆ ಕೂತ್ಕಳಿ. ಹೆಂಗ್ಸು ಓಡ್ಸಿ ಹಾಳು ಮಾಡವ್ಳೆ ಅಂತ ಅವರೇ ಅಂದ್ಕೋತಾರೆ. ನಿಮ್ ಮರ್ಯಾದೆ ಉಳೀತದೆ.”

ಅವರು ಇದನ್ನು ಬಹಳ ಹೊತ್ತು ಯೋಚಿಸಿದರು. ಕಾಫಿ ಆರಿತು. ಆಮೇಲೆ ಜೇಬಿಗೆ ಕೈ ಹಾಕಿ ಕೀ ತೆಗೆದು ನನ್ನ ಅಂಗೈಯಲ್ಲಿಟ್ಟರು.

ಹೊನ್ನವಳ್ಳಿ ದಾಟುವಷ್ಟರಲ್ಲಿ ಗಾಡಿ ಎರಡು ಸಲ ನಿಂತುಹೋಯಿತು. ಹಿಂದಿನ ಸೀಟಿನಲ್ಲಿ ಇಲ್ಲದ ಬ್ರೇಕನ್ನು ಇವರು ತುಳಿಯುತ್ತಲೇ ಇದ್ದರು. ಯಾರ್ಡಿನಲ್ಲಿ ನಾನು ಹೇಳಿದಂತೆಯೇ ಆಯಿತು. ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರು ಕಲೆ ನೋಡಿ, ನನ್ನನ್ನು ನೋಡಿ, ಮನೆಯವರ ಹೆಗಲ ಮೇಲೆ ಕೈಯಿಟ್ಟು, “ಹೋಗ್ಲಿ ಬುಡಿ, ಕಲೀಬೇಕಾರೆ ಹಂಗೇಯ” ಎಂದರು. ಇವರು ನೆಲ ನೋಡಿದರು. ನಾನು ಗಾಜು ಇಳಿಸಿ ಹಲ್ಲು ಕಿರಿದೆ.

ಕೆಲಸ ಮುಗಿಸಿ ಬಂದು ಅವರು ಹಿಂದೆ ಕೂತ ಮೇಲೆ, ಊರ ಕಡೆ ತಿರುಗಿಸದೆ ದಂಡಿನಶಿವರದ ಕಡೆ ತಿರುಗಿಸಿದೆ. ಇದೆಲ್ಲಿಗೆ ಎಂದು ಕೇಳಿದರು. ದೋಸೆಗೆ ಎಂದೆ.

ಅಕ್ಕ ಮನೆಯ ಮುಂದೆ ಗೋಡೆ ಹಿಡಿದುಕೊಂಡು ನಿಂತು, ನಾನು ಬಾಗಿಲು ತೆಗೆದು ಇಳಿಯುವುದನ್ನೇ ನೋಡಿದಳು. ಆಮೇಲೆ ಬಾನೆಟ್ಟು ನೋಡಿದಳು. “ಕಾಯಿ ಕರೆ ಕಣೇ ಇದು. ಅಟ್ಟದ ಕೆಳಗೆ ಯಾವ ಪುಣ್ಯಾತ್ಮ ನಿಲ್ಲಿಸ್ದ?” ಪುಣ್ಯಾತ್ಮರು ಹಿಂದಿನ ಸೀಟಿನಲ್ಲಿ ಫೋನು ನೋಡುತ್ತಿದ್ದವರು ತಲೆ ಎತ್ತಲಿಲ್ಲ.

ಹೊಸ ಸೀರೆ ಉಟ್ಟುಕೊಂಡೇ ಹೊರಟಳು. ಮುಂದಿನ ಸೀಟಿಗೆ ಮೊದಲು ಕೂತು, ಆಮೇಲೆ ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡಳು. ಬೆಲ್ಟು ಹಾಕಿದೆ. “ಸೊಂಟಕ್ಕೆ ಡಾಬು ಕಟ್ದಂಗೈತೆ” ಎಂದು ನಕ್ಕಳು. ಊರು ದಾಟಿ, ಎರಡೂ ಕಡೆ ತೆಂಗು ನಿಂತ ನೆಟ್ಟನೆಯ ರಸ್ತೆಗೆ ಬಂದಾಗ ಅವಳು ಕೈಯೆರಡನ್ನೂ ಮಡಿಲಲ್ಲಿಟ್ಟುಕೊಂಡು ಮುಂದೆ ನೋಡುತ್ತಿದ್ದಳು.

“ಇಲ್ಲಿಂದ ರಸ್ತೆ ಎಷ್ಟು ಕಾಣ್ತದೆ ಕಣೇ” ಎಂದಳು.

ಕಣ್ಣೊರೆಸಿಕೊಳ್ಳೋಣವೆಂದರೆ ಸ್ಟೇರಿಂಗ್ ಬಿಡುವ ಧೈರ್ಯ ಇನ್ನೂ ಬಂದಿರಲಿಲ್ಲ.

ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಫೋನು ಬಡಿದುಕೊಂಡಿತು. ಭಾಯಿ. ಅವನದು ದೊಡ್ಡ ದನಿ, ನನಗೂ ಕೇಳುತ್ತಿತ್ತು. ಜಾಗ ಖಾಲಿಯಾಗಿದೆಯಂತೆ, ನಾಳೆ ಬೆಳಗ್ಗೆಯೇ ಗಾಡಿ ತಂದು ಬಿಡಬೇಕಂತೆ, ಕಲೆ ಇತ್ತೆಂಬ ಗುರುತೂ ಉಳಿಯದ ಹಾಗೆ ಮಾಡಿಕೊಡುತ್ತಾನಂತೆ. ನಾನು ಕನ್ನಡಿಯಲ್ಲಿ ಮನೆಯವರನ್ನು ನೋಡಿದೆ. ಅವರು ಬಾನೆಟ್ಟಿನ ಕಡೆ ನೋಡಿದರು. ಆಮೇಲೆ ಅಕ್ಕನ ತಲೆಯ ಹಿಂಭಾಗವನ್ನು, ಅವಳು ಮುಡಿದುಕೊಂಡು ಬಂದಿದ್ದ ಕನಕಾಂಬರವನ್ನು ನೋಡುತ್ತಾ ಕೂತರು. ಭಾಯಿ ಎರಡು ಸಲ ಹಲೋ ಅಂದ.

“ಈಗ ಆಗಕಿಲ್ಲ ಭಾಯಿ, ಗಾಡಿಗೆ ಬಿಡುವಿಲ್ಲ” ಎಂದರು ಮನೆಯವರು. “ನಮ್ಮನೆಯೋರು ಓಡಿಸ್ತಾವ್ರೆ.”

ನಾನು ಮೂರನೇ ಗೇರಿಗೆ ಹಾಕಿದೆ.