ಮುನ್ನೂರ ಹದಿನೇಳನೇ ಪುಸ್ತಕದ ಕೊನೆಯ ಅಭಿಪ್ರಾಯ

ದೆವ್ವ, ಭೂತ ಎಂದವರನ್ನೆಲ್ಲ ಗೇಲಿ ಮಾಡಿಕೊಂಡೇ ಬದುಕಿದವನು ನಾನು. ಕೊಳ್ಳೇಗಾಲದ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹುಣಸೆ ಮರದಲ್ಲಿ ಏನೋ ಇದೆಯಂತೆ ಎಂದು ಮಕ್ಕಳು ಬಂದರೆ ಗದರಿ ಕಳಿಸುತ್ತೇನೆ. ಹಾಗಾಗಿ ಈಗ ಹೇಳುವುದನ್ನು ನಂಬಿ ಎಂದು ನಿಮ್ಮನ್ನು ಕೇಳುವ ಮುಖ ನನಗಿಲ್ಲ. ನಾನೇ ಪೂರ್ತಿ ನಂಬಿಲ್ಲ. ಆದರೆ ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಎರಡು ವರ್ಷದ ಹಿಂದೆ ಮನೆಯಲ್ಲಿದ್ದ ಹಳೇ ಪೇಪರ್ ಕಟ್ಟುಗಳನ್ನು ಅಂಗಡಿಗೆ ಹಾಕಲು ಹೋಗಿದ್ದೆ. ಅಲ್ಲಿ ರದ್ದಿಯ ರಾಶಿಯಲ್ಲಿ ಅಂಗೈಯಗಲದ ಒಂದು ಹಳೆಯ ಪಾಕೆಟ್ ಕಾದಂಬರಿ ಕಂಡಿತು. ರಟ್ಟಿನ ಮೇಲೆ ಕೂದಲು ಕೆದರಿಕೊಂಡ ಹೆಣ್ಣು ದೆವ್ವ. ದೆವ್ವಕ್ಕೆ ನೀಲಿ ಶಾಯಿಯ ಮೀಸೆ. ಆ ಮೀಸೆ ಬರೆದವನು ನಾನು, ಏಳನೇ ಕ್ಲಾಸಿನಲ್ಲಿ. ತೆರೆದು ನೋಡಿದರೆ ಬಾಡಿಗೆ ಲೈಬ್ರರಿಯ ಮುದ್ರೆ, ಅದರೊಳಗೆ ೩೧೭ ಎಂಬ ಸಂಖ್ಯೆ. ಮೂವತ್ತೆರಡು ವರ್ಷದ ಹಿಂದೆ ನಮ್ಮಪ್ಪ ನನ್ನ ಕಣ್ಣೆದುರೇ ಸುಟ್ಟ ಪುಸ್ತಕ ಅದು.

ನಮ್ಮೂರು ಯಳಂದೂರು ತಾಲ್ಲೂಕಿನ ಅಗರ. ಆಗ ಅಕ್ಕ ಹತ್ತನೇ ಕ್ಲಾಸಿನಲ್ಲಿದ್ದಳು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ಕೊಳ್ಳೇಗಾಲಕ್ಕೆ ಹೋದಾಗ ಆ ಕಾದಂಬರಿಯನ್ನು ಅವಳಿಗೆ ತಂದುಕೊಟ್ಟವನು ನಾನೇ. ಹುಳುಗಳಿಗೆ ಸೊಪ್ಪು ಹಾಕುತ್ತ, ತಟ್ಟೆಗಳ ಸಂದಿಯಲ್ಲಿ ಕೂತು ಅವಳು ಓದುತ್ತಿದ್ದಳು. ಅರ್ಧ ಮುಗಿದಿತ್ತು. ಒಂದು ಮಧ್ಯಾಹ್ನ ಅಪ್ಪ ಒಳಗೆ ಬಂದಾಗ ಒಂದು ತಟ್ಟೆಗೆ ಸೊಪ್ಪು ಬಿದ್ದಿರಲಿಲ್ಲ. ಅಷ್ಟಕ್ಕೇ ಪುಸ್ತಕ ಕಿತ್ತುಕೊಂಡು ನೀರೊಲೆಗೆ ಹಾಕಿದ. ಬೂದಿಯಾಗುವ ತನಕ ಕೋಲಿನಲ್ಲಿ ಕೆದಕಿದ. ಮಾರನೆಯ ದಿನದಿಂದ ಅಕ್ಕನ ಶಾಲೆ ನಿಂತಿತು. ಅದೇ ವರ್ಷ ಊರಲ್ಲೇ ಇದ್ದ ಸೋದರಮಾವನಿಗೆ ಕೊಟ್ಟು ಮದುವೆ ಮಾಡಿದರು. ಓದು, ಓದು ಎಂದು ಬೆನ್ನು ಹತ್ತಿದ್ದು ನನಗೆ ಮಾತ್ರ. ‘ನಿಮ್ಮ ೩೧೭ನೇ ಪುಸ್ತಕ ಕಳೆದುಹೋಗಿದೆ’ ಎಂದು ಲೈಬ್ರರಿಯವರಿಗೆ ಸುಳ್ಳು ಚೀಟಿ ಬರೆಸಿದ್ದೂ ನನ್ನ ಕೈಯಲ್ಲೇ. ಆ ಸಂಖ್ಯೆ ಹೇಗೆ ಮರೆಯಲಿ?

ಆ ಲೈಬ್ರರಿಯವರು ಪ್ರತಿ ಪುಸ್ತಕದ ಹಿಂದೆ ಎರಡು ಬಿಳಿ ಹಾಳೆ ಅಂಟಿಸಿ ‘ಓದುಗರ ಅಭಿಪ್ರಾಯ’ ಎಂದು ಬರೆದಿಡುತ್ತಿದ್ದರು. ಅಂಗಡಿಯ ಮುಂದೆ ನಿಂತೇ ಓದಿದೆ. ‘ಸೂಪರ್. ಓದಿ ಜ್ವರ ಬಂತು.’ ‘ಮೊದಲ ಹತ್ತು ಪುಟ ಬೋರು, ಆಮೇಲೆ ಕೆಳಗಿಡಲಾಗಲಿಲ್ಲ.’ ಹನೂರಿನವರೊಬ್ಬರು, ‘ದೆವ್ವಕ್ಕೆ ಇಷ್ಟೊಂದು ಮಾತು ಯಾಕೆ?’ ಎಂದಿದ್ದರು. ಹೂಗ್ಯಂನವರೊಬ್ಬರು, ‘ಬರೆದವರು ಕಾಡು ಕಂಡವರಲ್ಲ. ಪುಸ್ತಕದ ತುಂಬ ಕಾಡು, ಒಂದೂ ಆನೆ ಇಲ್ಲ’ ಎಂದು ಸಿಟ್ಟಾಗಿದ್ದರು. ನಗು ಬಂತು. ಕೊನೆಯದನ್ನು ಓದಿದಾಗ ಆ ನಗು ಹಾಗೇ ನಿಂತುಹೋಯಿತು.

‘ಅಷ್ಟು ಧೈರ್ಯದ ಹುಡುಗಿಯನ್ನು ಕೊನೆಯ ಪುಟದಲ್ಲಿ ಯಾರಿಗೋ ಕಟ್ಟಿ ಕಳಿಸಿದ್ದಾರೆ. ಇದಕ್ಕಿಂತ ದೆವ್ವವೇ ವಾಸಿ. ಮಹದೇವಮ್ಮ, ಅಗರ.’

ಮಹದೇವಮ್ಮ ನನ್ನ ಅಕ್ಕ. ‘ಳ’ದ ಬಾಲವನ್ನು ಕೊಕ್ಕೆಯ ಹಾಗೆ ಮೇಲೆಳೆಯುವ ಅವಳದೇ ಅಕ್ಷರ.

ಯಾರೋ ನನ್ನ ಜೊತೆ ಆಟವಾಡುತ್ತಿದ್ದಾರೆ ಅನ್ನಿಸಿ ಅಂಗಡಿಯವನ ಮೇಲೆ ರೇಗಿದೆ. ‘ಮೂಟೇಲ್ ಬಂದದ್ದು ಸಾ. ಯಾರ್ ಮನೇದು ಅಂತ ಎಂಗ್ ಯೋಳ್ಲಿ?’ ಎಂದ ಪಾಪ. ಪುಸ್ತಕ ಹಿಡಿದು ಸೀದಾ ಅಗರದ ಬಸ್ಸು ಹತ್ತಿದೆ.

ಅವ್ವ ತೀರಿಕೊಂಡ ಮೇಲೆ ಅಪ್ಪ ಅಕ್ಕನ ಮನೆಯಲ್ಲೇ ಇದ್ದಾನೆ. ನನ್ನ ಬಾಡಿಗೆ ಮನೆಯ ಮೆಟ್ಟಿಲು ಅವನಿಗೆ ಹತ್ತಲಾಗುವುದಿಲ್ಲ. ಹೋದಾಗ ಅವನು ಜಗಲಿಯ ಮೇಲಿದ್ದ. ಪಕ್ಕದಲ್ಲಿ ಅಕ್ಕ ಅವರೆಕಾಯಿ ಸುಲಿಯುತ್ತಿದ್ದಳು. ದೆವ್ವದ ಮೀಸೆ ನೋಡಿ ಮೊದಲು ನಕ್ಕಳು. ಆಮೇಲೆ ಕೊನೆಯ ಹಾಳೆ ತೋರಿಸಿದೆ.

‘ಅಕ್ಸರ ನಂದೇ ಕಣ್ಲಾ,’ ಎಂದಳು. ‘ಬರ್ದೋಳು ನಾನಲ್ಲ.’

‘ಇನ್ಯಾರಕ್ಕ?’

‘ನಂಗೇನ್ಲಾ ಗೊತ್ತು? ಅರ್ದಕ್ಕೇ ಕಿತ್ಕಂಡ್ರಲ್ಲ. ಕೊನೇಗೆ ಆ ಎಣ್ಣಿಗೆ ಏನಾಯ್ತು ಅಂತ್ಲೇ ನಂಗಿನ್ನೂ ಗೊತ್ತಿಲ್ಲ.’

ಅಪ್ಪ ಕೈಚಾಚಿ ಪುಸ್ತಕ ಇಸಿದುಕೊಂಡ. ಹಿಂದೆ ಮುಂದೆ ತಿರುಗಿಸಿದ. ‘ಇದು ಬೆಂದೋಯ್ತಲ್ಲ. ನಾನೇ ಒಲೆಗ್ ಆಕ್ದೆ,’ ಎಂದ.

ಇಷ್ಟು ವರ್ಷದಲ್ಲಿ ಅವನು ಆ ಮಾತೆತ್ತಿದ್ದು ಅದೇ ಮೊದಲು. ಹಳೇ ಕಂಬಳಿ ಹರಿದುಹೋಯಿತು ಎನ್ನುವ ದನಿಯಲ್ಲಿ ಅಂದುಬಿಟ್ಟ. ‘ಅಷ್ಟೇನಾ ನೀನ್ ಯೋಳಾದು? ಅಕ್ಕನ ಬದುಕ್ನೂ ಆಕ್ದಲ್ಲ ಅದೇ ಒಲೆಗೆ!’ ಎಂದು ಬೀದಿಗೆ ಕೇಳುವ ಹಾಗೆ ಕೂಗಿದೆ.

‘ನೀ ಸುಮ್ಕಿರ್ಲಾ,’ ಎಂದಳು ಅಕ್ಕ. ಅವನ ಕೈಯಿಂದ ಪುಸ್ತಕ ತೆಗೆದುಕೊಂಡಳು. ‘ಅಪ್ಪ, ಎದ್ದೋಗ್ಬ್ಯಾಡ. ಓದ್ತೀನಿ, ಕೇಳು.’

ತಾನು ಬಿಟ್ಟ ಪುಟವನ್ನು ಹುಡುಕಿ ಓದತೊಡಗಿದಳು. ಮೊದಲು ಒಂದೊಂದೇ ಅಕ್ಷರ ಕೂಡಿಸಿದಳು. ಹತ್ತು ಪುಟ ಕಳೆಯುವಷ್ಟರಲ್ಲಿ ದನಿ ಗಟ್ಟಿಯಾಯಿತು. ‘ಸಾಕು, ನಿಲ್ಸವ್ವ,’ ಎಂದು ಅಪ್ಪ ಎರಡು ಸಲ ಹೇಳಿದ. ನಿಲ್ಲಿಸಲಿಲ್ಲ. ಹಾಲು ಕರೆಯುವ ಹೊತ್ತು ಮೀರಿತು, ಕೊಟ್ಟಿಗೆಯಲ್ಲಿ ಹಸು ಕೂಗಿತು. ಕೊನೆಯ ಪುಟದಲ್ಲಿ, ದೆವ್ವವನ್ನು ಎದುರಿಸಿ ಗೆದ್ದ ಆ ಹುಡುಗಿಯನ್ನು ಐದೇ ಸಾಲಿನಲ್ಲಿ ಮದುವೆ ಮಾಡಿ ಕಳಿಸಿದ್ದರು. ಅಭಿಪ್ರಾಯದಲ್ಲಿ ಇದ್ದದ್ದು ನಿಜ.

ಅಪ್ಪ ನೆಲ ನೋಡುತ್ತ ಕೇಳಿದ, ‘ಆ ಎಣ್ಣಿಗೆ ಒಪ್ಗೆ ಇತ್ತಾ?’

‘ಬರ್ದಿಲ್ಲ,’ ಎಂದು ಅಕ್ಕ ಪುಸ್ತಕ ಮುಚ್ಚಿ, ಚೆಂಬು ತೆಗೆದುಕೊಂಡು ಕೊಟ್ಟಿಗೆಗೆ ಹೋದಳು.

ಅಂದಿನಿಂದ ಅಪ್ಪನ ಜೊತೆ ಮಾತ್ರೆ, ಡಾಕ್ಟರು ಬಿಟ್ಟು ಬೇರೆ ಮಾತು ನನಗೆ ಬರುತ್ತಿಲ್ಲ. ಕಾರಣವನ್ನೂ ಹುಡುಕಿದ್ದೇನೆ. ಲೈಬ್ರರಿಯವರು ಇನ್ನೊಂದು ಪ್ರತಿ ತಂದು ಅದೇ ಸಂಖ್ಯೆ ಹಾಕಿರಬಹುದು. ಹಾಗಾದರೆ ಮೀಸೆ? ಯಾರೋ ಅಕ್ಕನ ಅಕ್ಷರವನ್ನು ನಕಲು ಮಾಡಿರಬಹುದು. ಶಾಲೆ ಬಿಟ್ಟ ಹುಡುಗಿಯ ಅಕ್ಷರ ಕಂಡವರು ಯಾರಿದ್ದರು? ಅಕ್ಕ ಸುಳ್ಳು ಹೇಳುವವಳಲ್ಲ. ಬೂದಿಯನ್ನಂತೂ ನಾನೇ ನೋಡಿದ್ದೇನೆ. ಇದಕ್ಕಿಂತ ಮುಂದೆ ನನ್ನ ತಲೆ ಓಡುವುದಿಲ್ಲ.

ಇನ್ನೊಮ್ಮೆ ನೋಡಬೇಕು, ಪುಸ್ತಕ ಕೊಡು ಎಂದರೆ ಅಕ್ಕ ಕೊಡುವುದಿಲ್ಲ. ಹೋದ ವಾರ ಮಾವ ಫೋನಿನಲ್ಲಿ ಹೇಳಿದ: ಅಪ್ಪ ಜಗಲಿಗೆ ಬಂದು ಕೂತರೆ ಸಾಕು, ಅವಳು ಅದನ್ನೇ ತೆಗೆದು ಜೋರಾಗಿ ಓದುತ್ತಾಳಂತೆ.

‘ನಿಮ್ಮಪ್ಪ ಈಗೀಗ ನಿಲ್ಸು ಅನ್ನಲ್ಲ ಕಣಯ್ಯ,’ ಎಂದ.