ಮೂರನೇ ರೋಗಿಗೆ ಕೇಳಿಸಿದ್ದು

ನನ್ನ ತಂಗಿಗೆ ಒಂದು ಕೆಟ್ಟ ಅಭ್ಯಾಸವಿದೆ. ಸತ್ತವರ ಮನೆಗೆ ಹೋದರೆ ಎಲ್ಲರ ಹಾಗೆ ನಾಲ್ಕು ಮಾತಾಡಿ ಬರುವವಳಲ್ಲ. ಮಲಗಿಸಿರುವ ದೇಹದ ಹತ್ತಿರ ಹೋಗಿ, ಬಗ್ಗಿ, ಕಿವಿಯಲ್ಲಿ ಏನೋ ಹೇಳುತ್ತಾಳೆ. ಎದುರುಮನೆಯ ಮುದುಕ ಹೋದಾಗ ನಾನು ಪಕ್ಕದಲ್ಲೇ ಇದ್ದೆ, ಕೇಳಿಸಿಕೊಂಡೆ. "ನಿಮ್ಮ ಮಗಳು ಬಂದ್ಳು. ಬಾಗಿಲ ಹತ್ರ ಕೊಡೆ ಮಡಚ್ತಿದಾಳೆ. ಮಳೆ ನಿಂತಿದೆ," ಅಂದಳು. ಹೊರಗೆ ಬಂದ ಮೇಲೆ ರಟ್ಟೆ ಹಿಡಿದು ಎಳೆದು, "ನಿನಗೇನು ತಲೆ ಕೆಟ್ಟಿದೆಯೇನೇ? ಜನ ಏನಂದ್ಕೋತಾರೆ?" ಎಂದು ಬೈದೆ. "ಅಂದ್ಕೊಳ್ಳಲಿ ಬಿಡಕ್ಕ," ಅಂದಳು, ಅಷ್ಟೇ.

ಬೈಯುವುದು ನನಗೇನೂ ಹೊಸದಲ್ಲ. ನಾನು ಟೈಲರ್. ಮೂವತ್ತು ವರ್ಷದಿಂದ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಗಳ ಜೊತೆ ಜಗಳವಾಡಿದವಳು. ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತದೆ. ತಂಗಿ ಹಾಗಲ್ಲ, ಅವಳ ಬಾಯಲ್ಲಿ ಮಾತು ಬರಬೇಕಾದರೆ ಬೆಳಗಾಗಬೇಕು.

ಅವಳ ಕೆಲಸ ಊರಾಚೆಯ ಒಂದು ಸಂಶೋಧನಾ ಸಂಸ್ಥೆಯ ಲೈಬ್ರರಿಯಲ್ಲಿ. ಬ್ಯಾಕ್ಟೀರಿಯಾ ಹುಟ್ಟಿಸುವ ವಿಷ, ಆ ವಿಷ ನರಗಳಿಗೆ ಮಾಡುವ ಕೇಡು, ಅಲ್ಲಿ ಓದುವುದು ಬರೆಯುವುದು ಎಲ್ಲ ಇದೇ. ಹಳೆಯ ಪ್ರಬಂಧಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಹಾಕಿದವಳು ಅವಳು. ಪ್ರಪಂಚದಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ಓದಬಹುದು. ಅವಳ ಮೇಜಿನೆದುರಿನ ಗೋಡೆಯಲ್ಲಿ ದೊಡ್ಡ ಪರದೆ, ಪರದೆಯಲ್ಲಿ ಕಪ್ಪು ಭೂಪಟ. ಎಲ್ಲೋ ಯಾರೋ ಒಂದು ಪ್ರಬಂಧ ತೆರೆದರೆ ಆ ಜಾಗದಲ್ಲಿ ಹಳದಿ ದೀಪ ಹತ್ತುತ್ತದೆ. ಮುಚ್ಚಿದರೆ ನಿಧಾನವಾಗಿ ಆರುತ್ತದೆ. ಓದುವವರ ಹೆಸರಿಲ್ಲ, ಮುಖವಿಲ್ಲ. ಯಾವ ಪುಟ ನೋಡಿದರು, ಎಷ್ಟು ಹೊತ್ತು ನೋಡಿದರು, ಹುಡುಕುವ ಪೆಟ್ಟಿಗೆಯಲ್ಲಿ ಏನು ಬರೆದರು, ಇಷ್ಟು ಮಾತ್ರ ತಿಳಿಯುತ್ತದೆ. ಯಾವ ಭಾಷೆಯಲ್ಲಿ ಬರೆದರೂ ಕಂಪ್ಯೂಟರು ನಮ್ಮ ಭಾಷೆಗೆ ತಿರುಗಿಸಿ ತೋರಿಸುತ್ತದೆ. ಮೊದಲ ಸಲ ನೋಡಿದಾಗ ನಾನು, "ವಿಷದ ವಿಚಾರ ಓದೋಕೆ ಇಷ್ಟು ಜನವೇನೇ? ಎಷ್ಟು ಗಂಡಂದಿರ ಗ್ರಹಚಾರ ಕೆಟ್ಟಿದೆಯೋ!" ಎಂದು ನಕ್ಕಿದ್ದೆ. ಅವಳು ನಗಲಿಲ್ಲ. ದಿನವೆಲ್ಲ ಆ ದೀಪಗಳನ್ನೇ ನೋಡುತ್ತ ಕೂರುತ್ತಾಳೆಂದು ಅಲ್ಲಿನವರು ಅವಳಿಗೆ ದೀಪದಮ್ಮ ಎಂದು ಹೆಸರಿಟ್ಟಿದ್ದಾರೆ.

ಅವಳು ಅಲ್ಲಿಗೆ ಸೇರಿದ ಕಥೆ ಹೇಳಬೇಕು. ಇಪ್ಪತ್ತೆರಡು ವರ್ಷದ ಹಿಂದೆ ಅಮ್ಮ ಒಂದು ಗಾಜಿನ ಜಾಡಿಯಲ್ಲಿ ಹುರುಳಿಕಾಯಿ ಕೆಡದಂತೆ ತುಂಬಿಸಿಟ್ಟಿದ್ದಳು. ಮುಚ್ಚಳ ಸ್ವಲ್ಪ ಉಬ್ಬಿತ್ತು, ಯಾರೂ ಗಮನಿಸಲಿಲ್ಲ. ಅದನ್ನು ತೆರೆದು ಬಡಿಸಿದ ದಿನ ಮಧ್ಯಾಹ್ನ ಅಮ್ಮನಿಗೂ ನನಗೂ ಒಂದು ಪರದೆ ಬಟ್ಟೆಯ ವಿಷಯಕ್ಕೆ ಜಗಳ. ನಾನು ತಟ್ಟೆ ತಳ್ಳಿ ಎದ್ದುಹೋದೆ. ಉಣ್ಣದೆ ಉಳಿದವಳು ನಾನೊಬ್ಬಳೇ. ಅಮ್ಮ ಮೂರನೇ ದಿನ ಹೋದಳು. ಪಕ್ಕದ ಮನೆಯಾಕೆ ಒಂದು ತುತ್ತು ರುಚಿ ನೋಡಿದ್ದಳು, ಎರಡು ವಾರ ನರಳಿ ಎದ್ದಳು. ಇಪ್ಪತ್ತನಾಲ್ಕು ವರ್ಷದ ತಂಗಿ ಆಸ್ಪತ್ರೆ ತಲುಪುವಷ್ಟರಲ್ಲಿ ಉಸಿರಾಟ ನಿಂತಿತ್ತು.

ಉಸಿರಾಡಿಸುವ ಮೆಷಿನ್ ಹಾಕಿದರು. ರೆಪ್ಪೆ ಬಿದ್ದಿತ್ತು. ಬೆರಳಿನಿಂದ ಎತ್ತಿ ಬೆಳಕು ಬಿಟ್ಟರೆ ಪಾಪೆ ಅಲುಗುತ್ತಿರಲಿಲ್ಲ. ಚಿವುಟಿದರೆ ಇಲ್ಲ, ಕೂಗಿದರೆ ಇಲ್ಲ. ಈ ವಿಷ ನರದಿಂದ ಸ್ನಾಯುವಿಗೆ ಹೋಗುವ ಸುದ್ದಿಯನ್ನಷ್ಟೇ ತಡೆಯುತ್ತದೆ, ಮಿದುಳನ್ನು ಮುಟ್ಟುವುದಿಲ್ಲ ಎಂದು ದೊಡ್ಡ ಡಾಕ್ಟರಿಗೆ ಗೊತ್ತಿತ್ತು. ಆದರೆ ದಾರಿಯಲ್ಲಿ ಉಸಿರು ನಿಂತಾಗಲೇ ಮಿದುಳು ಹೋಯಿತು ಎಂದು ಅವರು ತೀರ್ಮಾನಿಸಿದರು. ಇಪ್ಪತ್ತಾರನೆಯ ದಿನ, ಶುಕ್ರವಾರ, ನನ್ನನ್ನು ಹಾಸಿಗೆಯ ಪಕ್ಕ ಕರೆದು, "ಇನ್ನು ಮೆಷಿನ್ ತೆಗೆಯೋದು ಒಳ್ಳೇದು. ಯೋಚನೆ ಮಾಡಿ," ಎಂದರು. ನಾನು ಹೂಂ ಅಂದೆ. ಸೋಮವಾರ ಬಂದು ಸಹಿ ಮಾಡುತ್ತೇನೆ ಅಂದೆ. ಆಮೇಲೆ ನರ್ಸಿನ ಹತ್ತಿರ ಇನ್ನೊಂದು ಮಾತನ್ನೂ ಆಡಿದೆ. ಅದನ್ನು ಮುಂದೆ ಹೇಳುತ್ತೇನೆ.

ಭಾನುವಾರ ಬೆಳಿಗ್ಗೆ ಹೊದಿಕೆ ಬದಲಿಸುತ್ತಿದ್ದ ನರ್ಸು ಕಿರುಚಿದಳಂತೆ. ತಂಗಿಯ ಕಾಲಿನ ಹೆಬ್ಬೆರಳು ಅಲ್ಲಾಡಿತ್ತು.

ಅವಳು ಎದ್ದು ಕೂತು, ನಡೆದು, ಮನೆಗೆ ಬರಲು ಅರ್ಧ ವರ್ಷ ಹಿಡಿಯಿತು. ಏನಾದರೂ ನೆನಪಿದೆಯಾ ಎಂದು ಕೇಳಿದಾಗಲೆಲ್ಲ ತಲೆಯಾಡಿಸಿ ಇಲ್ಲ ಅಂದಳು. ದೊಡ್ಡ ಡಾಕ್ಟರೇ ಮುತುವರ್ಜಿ ವಹಿಸಿ, ತಾವೂ ಕೆಲಸ ಮಾಡುತ್ತಿದ್ದ ಆ ಸಂಸ್ಥೆಯಲ್ಲಿ ಕೆಲಸ ಕೊಡಿಸಿದರು. ಮೂವರ ಕಥೆಯನ್ನೂ ಅವರು ಪ್ರಬಂಧ ಮಾಡಿ ಬರೆದರು. ಅದರಲ್ಲಿ ಅಮ್ಮ ಮೊದಲನೇ ರೋಗಿ, ಪಕ್ಕದಮನೆಯಾಕೆ ಎರಡನೇ ರೋಗಿ, ನನ್ನ ತಂಗಿ ಮೂರನೇ ರೋಗಿ.

ಹೋದ ವರ್ಷ ಒಂದು ದಿನ ಬೆಳಿಗ್ಗೆ ಅವಳು ಅಂಗಡಿಗೆ ಬಂದು ನನ್ನ ಮೆಷಿನ್ನಿನ ಸ್ವಿಚ್ ಆರಿಸಿದಳು. ಅರ್ಧ ತೋಳು ಹೊಲಿಗೆಯಲ್ಲಿತ್ತು. "ಏನೇ ನಿನ್ನ ದರ್ಬಾರು?" ಎಂದು ನಾನು ರೇಗುವಷ್ಟರಲ್ಲಿ ಅವಳ ಮುಖ ನೋಡಿ ಬಟ್ಟೆ ಕೆಳಗಿಟ್ಟೆ. "ಬಾ ಅಕ್ಕ. ಹನ್ನೊಂದೂವರೆಗೆ ಬರ್ತಾರೆ," ಅಂದಳು.

ಲೈಬ್ರರಿಯಲ್ಲಿ ಅವಳ ಕುರ್ಚಿಯ ಪಕ್ಕ ಕೂತೆ. ಹನ್ನೊಂದೂವರೆಗೆ ಸರಿಯಾಗಿ, ಭೂಪಟದ ಮೇಲ್ತುದಿಯಲ್ಲಿ, ಸುತ್ತಲೂ ಬೇರೆ ದೀಪವೇ ಇಲ್ಲದ ಕಡೆ, ಒಂದು ಹಳದಿ ಚುಕ್ಕೆ ಹತ್ತಿತು. "ಒಂಬತ್ತು ದಿನದಿಂದ ಇದೇ ಹೊತ್ತಿಗೆ. ನಮ್ಮ ಪ್ರಬಂಧ. ಬರೀ ಆರನೇ ಪುಟ. ನಲವತ್ತು ನಿಮಿಷ ಇರ್ತಾರೆ, ಹೋಗ್ತಾರೆ," ಎಂದಳು. ಹುಡುಕಿದ ಮಾತುಗಳನ್ನು ಒಂದು ಹಾಳೆಯಲ್ಲಿ ತಾರೀಖಿನ ಸಮೇತ ಬರೆದಿಟ್ಟಿದ್ದಳು. ಮೊದಲ ದಿನ: ಜಾಡಿಯ ಆಹಾರ, ರೆಪ್ಪೆ ಬಿದ್ದಿದೆ. ನಾಲ್ಕನೇ ದಿನ: ಪಾಪೆ ಅಲುಗುತ್ತಿಲ್ಲ. ಎಂಟನೇ ದಿನ: ಅವನಿಗೆ ಕೇಳಿಸುತ್ತದೆಯೇ.

ಆರನೇ ಪುಟದಲ್ಲಿ ಮೂರನೇ ರೋಗಿಯ ಬಗ್ಗೆ ದೊಡ್ಡ ಡಾಕ್ಟರು ಬರೆದದ್ದು ಹೀಗಿತ್ತು: ಇಪ್ಪತ್ತೆಂಟು ದಿನ ಸಂಪೂರ್ಣ ಪ್ರಜ್ಞಾಹೀನ ಸ್ಥಿತಿ. ಪಾಪೆ ಸ್ಥಿರವಾಗಿ ಪ್ರತಿಕ್ರಿಯೆ ನಿಂತ ರೋಗಿಗೆ ಅರಿವು ಇರುವುದಿಲ್ಲ. ಈ ರೋಗಿಯ ಚೇತರಿಕೆ ಒಂದು ಅಪವಾದ, ಇತರರಲ್ಲಿ ಇದನ್ನು ನಿರೀಕ್ಷಿಸಬಾರದು.

"ಸುಳ್ಳು ಅಕ್ಕ," ಅಂದಳು ತಂಗಿ, ಪರದೆಯಿಂದ ಕಣ್ಣು ತೆಗೆಯದೆ. "ನನಗೆ ಎಲ್ಲಾ ಕೇಳಿಸ್ತಿತ್ತು. ಮೊದಲನೇ ದಿನದಿಂದ."

ಎದುರಿಗೆ ಆ ಚುಕ್ಕೆ ಹಾಗೇ ಉರಿಯುತ್ತಿತ್ತು.

ನಾನು ಗಾಬರಿಯಲ್ಲಿ, "ಹಾಗಾದ್ರೆ ತಿದ್ದೇ! ನೀನೇ ತಾನೇ ಹಾಕೋಳು? ಈಗಲೇ ತಿದ್ದು!" ಎಂದು ಕೂಗಿದೆ. ಓದುತ್ತಿದ್ದವರೆಲ್ಲ ತಿರುಗಿ ನೋಡಿದರು. "ಡಾಕ್ಟರ ಸಹಿ ಇಲ್ಲದ ಮಾತನ್ನ ಅಲ್ಲಿನ ಡಾಕ್ಟರು ನಂಬಲ್ಲ," ಎಂದು ಅವಳು ಎದ್ದಳು.

ದೊಡ್ಡ ಡಾಕ್ಟರು ನಿವೃತ್ತರಾಗಿದ್ದರೂ ಮಹಡಿಯ ಮೇಲೆ ಅವರಿಗೊಂದು ಕೋಣೆ ಇತ್ತು. ತಂಗಿ ಹೇಳಿದ್ದನ್ನು ಕನ್ನಡಕ ತೆಗೆದಿಟ್ಟು ಕೇಳಿಸಿಕೊಂಡರು. ಕೋಪ ಮಾಡಿಕೊಳ್ಳಲಿಲ್ಲ, ಸ್ವಲ್ಪ ಕುಗ್ಗಿದಂತೆ ಕಂಡರು. "ಅಮ್ಮಾ, ಅಂಥ ಸ್ಥಿತೀಲಿ ರೋಗಿಗಳಿಗೆ ಕನಸು ಬೀಳುತ್ತೆ. ಕನಸನ್ನ ನಾನು ಅಚ್ಚು ಹಾಕೋಕಾಗಲ್ಲ. ಆ ದಿನಗಳಲ್ಲಿ ಕೇಳಿದ ಒಂದು ಮಾತು ಕೊಡು. ಆಮೇಲೆ ಯಾರೂ ನಿನಗೆ ಹೇಳಿರಬಾರದು. ಆಡಿದವರು ಹೌದು, ನಾನೇ ಆಡಿದ್ದು ಅಂತ ಸಹಿ ಮಾಡ್ಬೇಕು. ಅವತ್ತೇ ತಿದ್ದುಪಡಿ ಹಾಕ್ತೀನಿ," ಎಂದರು.

ಮೆಟ್ಟಿಲಿಳಿಯುವಾಗ ನಾನೇ ಉತ್ಸಾಹದಿಂದ, "ಆ ನರ್ಸ್ ಇದ್ದಳಲ್ಲ, ಅವಳನ್ನ ಹುಡುಕೋಣ," ಅಂದೆ. ನರ್ಸು ತೀರಿಕೊಂಡು ಆರು ವರ್ಷವಾಗಿತ್ತು. ತಂಗಿ ಮೆಟ್ಟಿಲ ಮೇಲೇ ನಿಂತು, ಹಾಳೆಯ ಹಿಂಬದಿಯಲ್ಲಿ ಒಂದು ಸಾಲು ಬರೆದು ನನ್ನ ಕೈಗಿಟ್ಟಳು.

'ಇವಳೂ ಅಮ್ಮನ ಜೊತೆಗೇ ಹೋಗಿದ್ದಿದ್ರೆ ಒಂದೇ ಸಲ ಅತ್ತು ಮುಗಿಸ್ತಿದ್ದೆ.'

ಇಪ್ಪತ್ತಾರನೆಯ ದಿನ ನರ್ಸಿಗೆ ನಾನು ಹೇಳಿದ ಮಾತು. ನನ್ನ ಗಂಡನಿಗೂ ಗೊತ್ತಿರದ ಮಾತು. ಆಗ ನಾನು ಮಾಡಿದ್ದೇನು? ಕೂಗಾಡಿದೆ. "ನಾನು ಹಾಗೆ ಅಂದೇ ಇಲ್ಲ! ಕನಸು ಬಿದ್ದಿದೆ ನಿಂಗೆ, ಡಾಕ್ಟ್ರು ಸರಿಯಾಗೇ ಹೇಳಿದಾರೆ!" ಎಂದು ಹಾಳೆಯನ್ನು ಅವಳ ಮೇಲೆ ಎಸೆದು ಅಂಗಡಿಗೆ ಬಂದುಬಿಟ್ಟೆ. ನಾಚಿಕೆಯಾಗುತ್ತದೆ, ಆದರೆ ಮಾಡಿದ್ದು ಹಾಗೇ.

ಅಂಗಡಿಯಲ್ಲಿ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಆ ವಾರ್ಡಿನಲ್ಲಿ ನಾನು ಆಡಿದ ಮಾತುಗಳೆಲ್ಲ ಒಂದೊಂದೇ ನೆನಪಿಗೆ ಬಂದವು. ಅವಳ ಮೈಮೇಲಿಂದ ಕೈಚಾಚಿ ನರ್ಸಿನ ಜೊತೆ ಬಟ್ಟೆಯ ಅಳತೆ ಮಾತಾಡಿದ್ದು. ಅವಳ ಹಸಿರು ಕೋಟನ್ನು ಯಾರಿಗೆ ಕೊಡಲಿ ಎಂದು ಕೇಳಿದ್ದು. ಅಮ್ಮ ಸತ್ತ ಸುದ್ದಿಯನ್ನು ಅವಳ ತಲೆಯ ಮೇಲೇ ಯಾರಿಗೋ ಹೇಳಿದ್ದು. ರೆಪ್ಪೆಯ ಹಿಂದೆ ಅವಳು ಎಚ್ಚರವಾಗಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಇಪ್ಪತ್ತೊಂದು ವರ್ಷ ಒಂದೇ ಸೂರಿನಡಿ ಇದ್ದು ಒಂದು ದಿನವೂ ಬಾಯಿ ಬಿಡಲಿಲ್ಲ. ಮೆಷಿನ್ ನಿಲ್ಲಿಸಿ ಕೂತಾಗ ಅಂಗಡಿಯ ನಿಶ್ಶಬ್ದ ಹೆದರಿಕೆ ತರಿಸಿತು. ಹೊಲಿಯಲು ತಗುಲಿಹಾಕಿದ್ದ ಕೋಟುಗಳೂ ಕಿವಿಗೊಟ್ಟು ನಿಂತ ಹಾಗೆ ಅನ್ನಿಸಿತು.

ಮರುದಿನ ಹನ್ನೊಂದೂವರೆಗೆ ನಾನೇ ಲೈಬ್ರರಿಗೆ ಹೋದೆ. ತಂಗಿ ಪಕ್ಕದ ಕುರ್ಚಿ ಎಳೆದಳು. ದೀಪ ಹತ್ತಿತು. ಹುಡುಕುವ ಪೆಟ್ಟಿಗೆಯಲ್ಲಿ ಅಕ್ಷರಗಳು ಮೂಡಿದವು: ಮೆಷಿನ್ ತೆಗೆದರೆ ನೋವಾಗುತ್ತದೆಯೇ.

ಅದನ್ನು ಬರೆದವಳು ನಾನೇ ಅನ್ನಿಸಿತು. ಎಲ್ಲೋ ಒಂದು ವಾರ್ಡಿನಲ್ಲಿ, ನನ್ನಂಥ ಒಬ್ಬಳು, ಸೋಮವಾರ ಬರುತ್ತೇನೆಂದು ಹೇಳಿ ಬಂದು ಕೂತಿದ್ದಾಳೆ.

"ಎಲ್ಲೇ ಆ ಹಾಳೆ?" ಅಂದೆ. ಮಡಚಿ ಇಟ್ಟುಕೊಂಡಿದ್ದಳು. ಆ ಸಾಲಿನ ಕೆಳಗೆ ಬರೆದೆ: ಹೌದು, ಈ ಮಾತು ನಾನೇ ನರ್ಸಿನ ಹತ್ತಿರ ಆಡಿದ್ದು, ಆಮೇಲೆ ಇಂದಿನವರೆಗೆ ಯಾರಿಗೂ ಹೇಳಿಲ್ಲ. ಸಹಿ ಮಾಡಿದೆ. "ಇಷ್ಟು ವರ್ಷ ಹೊಟ್ಟೆಗೆ ಹಾಕ್ಕೊಂಡು ಕೂತಿದ್ದೆಯಲ್ಲೇ, ಒಂದು ಸಲ ಕಪಾಳಕ್ಕೆ ಬಾರಿಸಬಾರದಿತ್ತಾ?" ಎಂದು ಅತ್ತುಬಿಟ್ಟೆ.

"ನೀನು ಪ್ರಪಂಚಕ್ಕೆಲ್ಲ ಬೈತೀಯ, ನಿನ್ನನ್ನ ಬೈದರೆ ನಿಂಗೆ ತಡಿಯೋಕಾಗಲ್ಲ. ಅದಕ್ಕೇ ಹೇಳ್ಲಿಲ್ಲ," ಅಂದಳು ತಂಗಿ. ಹಾಳೆ ಮಡಚುತ್ತ, "ಆ ಮಾತು ಕೇಳಿ ಎಷ್ಟು ಸಿಟ್ಟು ಬಂತು ಗೊತ್ತಾ? ಆ ಸಿಟ್ಟಿಗೇ ಹೆಬ್ಬೆರಳು ಅಲ್ಲಾಡಿಸೋಕೆ ಶುರು ಮಾಡಿದ್ದು. ಎರಡು ದಿನ ಬೇಕಾಯ್ತು ಅಕ್ಕ," ಅಂದಳು.

ದೊಡ್ಡ ಡಾಕ್ಟರು ಹಾಳೆಯನ್ನು ಎರಡು ಸಲ ಓದಿದರು. ನನ್ನ ಮುಖ ನೋಡಲಿಲ್ಲ. ಕೊಟ್ಟ ಮಾತಿನಂತೆ ಅವತ್ತೇ ಸಂಜೆ ಆರನೇ ಪುಟದ ತಲೆಯ ಮೇಲೆ ಹಳದಿ ಪಟ್ಟಿಯಲ್ಲಿ ತಿದ್ದುಪಡಿ ಬಂತು: ಮೂರನೇ ರೋಗಿ ಅಷ್ಟೂ ದಿನ ಎಚ್ಚರವಾಗಿದ್ದರು, ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಅರಿವಿಲ್ಲ ಎಂದು ನಾನು ಬರೆದದ್ದು ತಪ್ಪು. ಚೇತರಿಕೆಯನ್ನು ಅಪವಾದ ಎಂದದ್ದೂ ತಪ್ಪು. ಕಾಲಿನ ಹೆಬ್ಬೆರಳನ್ನು ಅಲುಗಿಸಲು ರೋಗಿ ಎರಡು ದಿನ ಪ್ರಯತ್ನಿಸಿದರು. ಅದರ ಕೆಳಗೆ ನನ್ನ ಮಾತು, ಒಂದಕ್ಷರವೂ ಬಿಡದೆ, ಸಾಕ್ಷಿಯಾಗಿ.

ಮರುದಿನ ಹನ್ನೊಂದೂವರೆಗೆ ಚುಕ್ಕೆ ಹತ್ತಿತು. ನಲವತ್ತು ನಿಮಿಷ ಕಳೆಯಿತು. ಗಂಟೆ ಕಳೆಯಿತು. ಪುಟ ಅಲುಗಲಿಲ್ಲ. ಎರಡು ಗಂಟೆಯಾದ ಮೇಲೆ ನಿಧಾನವಾಗಿ ಆರಿತು. ಆಮೇಲೆ ಮೂರು ದಿನ ಬರಲೇ ಇಲ್ಲ. ತಡವಾಯಿತೇನೋ ಎಂದು ನಾವಿಬ್ಬರೂ ಅಂದುಕೊಂಡೆವು, ಬಾಯಿ ಬಿಟ್ಟು ಹೇಳಲಿಲ್ಲ. ತಂಗಿ ಊಟ ಬಿಟ್ಟಳು. ನಾನು ಮೂರು ರವಿಕೆ ಅಳತೆ ತಪ್ಪಿ ಕತ್ತರಿಸಿದೆ.

ನಾಲ್ಕನೇ ದಿನ ದೀಪ ಹತ್ತಿತು. ಪೆಟ್ಟಿಗೆಯಲ್ಲಿ ಅಕ್ಷರಗಳು ಮೂಡಿದವು: ಎಡಗಾಲೋ ಬಲಗಾಲೋ.

"ಎಡಗಾಲು! ಎಡಗಾಲು ಅಂತ ಹಾಕೇ, ಬೇಗ ಹಾಕೇ!" ಎಂದು ನಾನು ಲೈಬ್ರರಿ ಎನ್ನುವುದನ್ನೂ ಮರೆತು ಕಿರುಚಿದೆ. ತಂಗಿ ಯಾರ ಸಹಿಗೂ ಕಾಯದೆ ಪಟ್ಟಿಯಲ್ಲಿ 'ಎಡ' ಎಂದು ಸೇರಿಸಿದಳು.

ಆ ದೀಪ ಇನ್ನೂ ಹತ್ತೊಂಬತ್ತು ದಿನ ಬಂತು, ಆಮೇಲೆ ನಿಂತಿತು. ಬೆರಳು ಅಲ್ಲಾಡಿತೋ ಇಲ್ಲವೋ ನಮಗೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಈಗ ಬೇರೆ ಬೇರೆ ಕಡೆಯಿಂದ ಆರನೇ ಪುಟ ತೆರೆಯುತ್ತಾರೆ. ಪ್ರತಿ ದೀಪವೂ ನನ್ನ ಆ ಮಾತನ್ನು ಓದುತ್ತಿದೆ. ಶನಿವಾರ ಅಂಗಡಿ ಬೇಗ ಮುಚ್ಚಿ, ಹೋಗಿ ನೋಡುತ್ತ ಕೂರುತ್ತೇನೆ.

ಹೋದ ತಿಂಗಳು ದೊಡ್ಡ ಡಾಕ್ಟರು ತೀರಿಕೊಂಡರು. ನಾವಿಬ್ಬರೂ ಹೋಗಿದ್ದೆವು. ಕೋಣೆಯಲ್ಲಿ ಅವರ ಮಕ್ಕಳು ಪುಸ್ತಕಗಳನ್ನು ಯಾರಿಗೆ ಕೊಡುವುದೆಂದು ಗಟ್ಟಿಯಾಗಿ ಮಾತಾಡುತ್ತಿದ್ದರು. ತಂಗಿ ಮುಂದೆ ಹೋಗುವ ಮೊದಲೇ ನಾನು ಹೋಗಿ ಬಗ್ಗಿದೆ. "ಆರನೇ ಪುಟ ಇವತ್ತೂ ಓದ್ತಿದಾರೆ ಡಾಕ್ಟ್ರೇ," ಅಂದೆ. "ಎಡಗಾಲು ಅಂತ ಸೇರಿಸಿದೀವಿ. ನಿಮಗೆ ಹೇಳಿರಲಿಲ್ಲ." ಆಮೇಲೆ, ಯಾಕೆಂದು ಕೇಳಬೇಡಿ, ಅವರ ಕಾಲಿನ ಕಡೆ ತಿರುಗಿ ಬಹಳ ಹೊತ್ತು ನೋಡುತ್ತ ನಿಂತೆ. ತಂಗಿಯೇ ಬಂದು ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಹೋದಳು. ಬೈಯಲಿಲ್ಲ.