ಚಿಕ್ಕಮ್ಮ ಸಾಕಿದ ಬ್ಯಾಕ್ಟೀರಿಯಾ

ನಮ್ಮ ಚಿಕ್ಕಮ್ಮನಿಗೆ ಯಾರ ಹೊಟ್ಟೆಯೂ ಖಾಲಿ ಇರಬಾರದು. ಗ್ಯಾಸ್ ಸಿಲಿಂಡರ್ ತಂದವನು ಏನೂ ತಿನ್ನದೆ ಅವಳ ಮನೆಯ ಮೆಟ್ಟಿಲಿಳಿದದ್ದನ್ನು ನಾನು ಕಂಡಿಲ್ಲ. ಇಂಥವಳನ್ನು ಹಸಿದವರ ಕಾವಲಿಗೆ ಇಟ್ಟ ಪುಣ್ಯಾತ್ಮರಿಗೆ ದೊಡ್ಡ ನಮಸ್ಕಾರ.

ಅವಳಿಗೆ ಸಮುದ್ರ ಸಂಶೋಧನೆಯ ಲ್ಯಾಬಿನಲ್ಲಿ ಸಹಾಯಕಿಯ ಕೆಲಸ. ಹೊಲಗಳಿಗೆ ಹೊಡೆದ ಕೀಟನಾಶಕವೆಲ್ಲ ಹರಿದು ಬಂದು ಹಿನ್ನೀರಿಗೆ ಸೇರಿ, ಅಲ್ಲಿ ಮೀನು ಹಿಡಿಯಬಾರದೆಂದು ಹುಕುಂ ಆಗಿತ್ತು. ಚಿಕ್ಕಪ್ಪನ ದೋಣಿ ಅಂಗಳದಲ್ಲಿ ಬೋರಲು ಬಿದ್ದಿತ್ತು. ಚಿಕ್ಕಪ್ಪ ಅದರ ಮೇಲೆ ಕೂತು ಹೋಗಿಬರುವವರನ್ನೆಲ್ಲ ಬೈಯುತ್ತಿದ್ದ. ಆ ವಿಷವನ್ನೇ ತಿಂದು ಅರಗಿಸಿಕೊಳ್ಳುವ ಬ್ಯಾಕ್ಟೀರಿಯಾವನ್ನು ಲ್ಯಾಬಿನ ಮೇಡಂ ಸಮುದ್ರದ ಕೆಸರಿನಿಂದ ಹುಡುಕಿ ತಂದಿದ್ದರು. ಸೀಸೆಗಳಲ್ಲಿ ಉಪ್ಪುನೀರು, ಅದರಲ್ಲಿ ಬ್ಯಾಕ್ಟೀರಿಯಾ, ಊಟಕ್ಕೆ ಕೀಟನಾಶಕ ಮಾತ್ರ.

"ಬೇರೇನೂ ಹಾಕ್ಬೇಡಿ, ನೋಡ್ಕೊಂಡಿರಿ ಸಾಕು" ಎಂದು ಹೇಳಿ ಮೇಡಂ ರಜೆ ಹಾಕಿ ಹೋದರು.

ವಿಷ ಬಡಿಸಿ ಅದಕ್ಕೆ ಊಟ ಅನ್ನುವುದನ್ನು ಚಿಕ್ಕಮ್ಮ ಯಾವ ಮನೆಯಲ್ಲೂ ಕಂಡಿರಲಿಲ್ಲ. ಚಹಾಕ್ಕೆಂದಿಟ್ಟ ಸಕ್ಕರೆ ಡಬ್ಬಿ ತೆರೆದು ಸೀಸೆಗೊಂದು ಚಿಟಿಕೆ ಹಾಕಿಯೇಬಿಟ್ಟಳು. ತಿಳಿಯಾಗಿದ್ದ ನೀರು ಹಾಲಿನಂತೆ ಬೆಳ್ಳಗಾಯಿತು. "ನೋಡು, ಹೇಗೆ ಮೈ ತುಂಬ್ಕೊಂಡಿದಾವೆ!" ಎಂದು ನನಗೆ ಫೋಟೊ ಬೇರೆ ಕಳಿಸಿದಳು.

ಮೇಡಂ ಬಂದು ಪರೀಕ್ಷಿಸಿದರೆ ವಿಷ ಹಾಕಿದಷ್ಟೂ ಹಾಗೇ ಇದೆ. ಸಿಹಿ ಸಿಕ್ಕಮೇಲೆ ವಿಷದ ಗೊಡವೆ ಯಾರಿಗೆ ಬೇಕು?

"ಇವು ಕೆಲಸಕ್ಕೆ ಬಾರದವು. ಎಲ್ಲ ಚೆಲ್ಲಿಬಿಡಿ. ಈ ಪ್ರಯೋಗ ಇಲ್ಲಿಗೆ ಮುಗೀತು" ಎಂದರು.

ಬಾಯಿ ಬಿಟ್ಟರೆ ಚಿಕ್ಕಮ್ಮನ ಕೆಲಸ ಹೋಗುತ್ತದೆ, ಬಿಡದಿದ್ದರೆ ದೋಣಿ ಅಂಗಳದಲ್ಲೇ ಕೊಳೆಯುತ್ತದೆ. ಅವಳು ಸೀಸೆಗಳಿಗೆ ಅಡ್ಡ ನಿಂತಳು.

"ಅವುಗಳದ್ದೇನೂ ತಪ್ಪಿಲ್ಲ ಮೇಡಂ. ಸಕ್ಕರೆ ಹಾಕಿ ಕೆಡಿಸಿದ್ದು ನಾನು."

ಮೇಡಂ ಬೈದರು. ಪಕ್ಕದ ಕೋಣೆಯವರಿಗೂ ಸಾಲುವಷ್ಟು ಬೈದು, ಸುಸ್ತಾಗಿ, ಕುರ್ಚಿಯಲ್ಲಿ ಕುಸಿದು ನಕ್ಕರು. ಆಮೇಲೆ ಬ್ಯಾಕ್ಟೀರಿಯಾವನ್ನು ತೊಳೆದು, ಹೊಸ ಉಪ್ಪುನೀರಿಗೆ ಬಿಟ್ಟು, ಮತ್ತೆ ವಿಷವನ್ನಷ್ಟೇ ಹಾಕಿದರು. ಸಕ್ಕರೆ ಡಬ್ಬಿ ಕಪಾಟು ಸೇರಿತು, ಕಪಾಟಿಗೆ ಬೀಗ ಬಿತ್ತು. ಅಲ್ಲಿಂದಾಚೆ ಚಿಕ್ಕಮ್ಮ ಸೀಸೆಗಳತ್ತ ನೋಡಲಾರದೆ ಬೆನ್ನು ತಿರುಗಿಸಿಕೊಂಡೇ ಕೆಲಸ ಮಾಡಿದಳು. ಮನೆಯಲ್ಲೂ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ.

ಕೊನೆಗೊಂದು ದಿನ ಮೇಡಂ ಓಡಿಬಂದರು. "ಅಕ್ಕಾ, ವಿಷ ಪೂರ್ತಿ ಖಾಲಿ! ಚೂರೂ ಬಿಟ್ಟಿಲ್ಲ! ಇನ್ನು ಹಿನ್ನೀರಲ್ಲೇ ಬಿಟ್ಟು ನೋಡೋಣ!"

ಚಿಕ್ಕಮ್ಮ ಗಳಗಳನೆ ಅತ್ತಳು. ಸಂತೋಷಕ್ಕೆ ಅಳುತ್ತಿದ್ದಾಳೆಂದು ಮೇಡಂ ಬೆನ್ನು ಸವರಿದರು.

"ಚೂರೂ ಬಿಟ್ಟಿಲ್ವಾ?" ಎಂದು ಬಿಕ್ಕಿದಳು ಚಿಕ್ಕಮ್ಮ. "ಅಯ್ಯೋ ಪಾಪ, ಅದೆಷ್ಟು ಹಸಿದಿದ್ವೋ!"